ಪೊಟ್ಟಣದ ಮೇಲಿನ ಕಪ್ಪು ಚೌಕ



ತೋಟದ ಕೆಲಸ ಮುಗಿಸಿ, ಕೈಕಾಲು ತೊಳೆದು, ರಾತ್ರಿಯ ಅಡಿಗೆಯನ್ನು ಒಂದು ಹಂತಕ್ಕೆ ತಂದು ಇಲ್ಲಿ ಬಂದು ಕೂತಿದ್ದೀರಿ. ಆದ್ದರಿಂದ ನೇರವಾಗಿ ವಿಷಯಕ್ಕೆ ಬರ್ತೇವೆ.

ಇವತ್ತಿನ ವಿಷಯ ಒಂದು ಚೌಕ. ಅದನ್ನು ನೀವು ದಿನಾ ನೋಡ್ತೀರಿ. ಕಿರಾಣಿ ಅಂಗಡಿಯ ಗಲ್ಲಾದ ಹತ್ತಿರ ಅಂಟಿಸಿರ್ತಾರೆ. ಮೀನಿನ ಗಾಡಿಗೆ ನೇತು ಹಾಕಿರ್ತಾರೆ. ಕಾಫಿ ಪುಡಿ ಪೊಟ್ಟಣದ ಬೆನ್ನಿಗೆ ಇರ್ತದೆ. ಆಧಾರ್ ಕಾರ್ಡಿನಲ್ಲೂ ಇದೆ. ಕಪ್ಪು ಬಿಳಿ ಚುಕ್ಕಿ ಚೆಲ್ಲಿದ ಹಾಗೆ ಕಾಣ್ತದೆ. ನಮ್ಮ ಕಡೆ ಅದಕ್ಕೆ ಎಲ್ಲರೂ 'ಸ್ಕ್ಯಾನರ್' ಅಂತಾರೆ. 'ಸ್ಕ್ಯಾನರ್ ಇದೆಯಾ?' ಅಂತ ಕೇಳಿ ದುಡ್ಡು ಕಳಿಸ್ತಾರೆ. ನಿಜವಾಗಿ ಸ್ಕ್ಯಾನರ್ ಅಂದರೆ ಓದುವ ಯಂತ್ರ. ಓದಿಸಿಕೊಳ್ಳುವ ಈ ಚೌಕದ ಹೆಸರು ಕ್ಯೂಆರ್ ಕೋಡ್. ಇಂಗ್ಲಿಷಿನ ಎರಡು ಮಾತಿನ ಮೊದಲಕ್ಷರ ಸೇರಿಸಿ ಮಾಡಿದ ಹೆಸರು ಅದು. ಅರ್ಥ ಏನಪ್ಪಾ ಅಂದರೆ, 'ಬೇಗನೆ ಸಿಗುವ ಉತ್ತರ'.

'ಫೋನ್ ಇದ್ದವರಿಗೆ ಅದು. ನಮಗೆ ಯಾಕೆ?' ಅಂತ ಕೆಲವರು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ನಿಮ್ಮಲ್ಲಿ ಹಲವರು ಸಂಘದಲ್ಲಿ ಇದ್ದೀರಿ. ಕಾಫಿ ಪುಡಿ, ಕಾಳುಮೆಣಸು, ಏಲಕ್ಕಿ, ಉಪ್ಪಿನಕಾಯಿ ಮಾಡಿ ಮಾರ್ತೀರಿ. ಹೊರನಾಡಿಗೆ ಹೋಗುವ ಯಾತ್ರಿಕರು ಕಳಸದಲ್ಲಿ ಇಳಿದು ಒಂದು ಪೊಟ್ಟಣ ಕೊಳ್ತಾರೆ. ಕೊಂಡವರು ಚೌಕ ಕೇಳ್ತಾರೆ. ದುಡ್ಡು ಕೊಡೋಕೂ ಅದೇ, ಮಾಲಿನ ವಿಚಾರ ತಿಳಿಯೋಕೂ ಅದೇ.

ಇನ್ನೊಂದು ಕಾರಣವೂ ಇದೆ. ನಾವೆಲ್ಲ ಅಕ್ಷರ ಕಲಿತದ್ದು ಯಾಕೆ? ಬೇರೆಯವರು ಓದಿ ಹೇಳಿದ್ದನ್ನು ನಂಬಿ ಹೆಬ್ಬೆಟ್ಟು ಒತ್ತುವುದು ತಪ್ಪಲಿ ಅಂತ. ಈಗ ನೋಡಿ, ಈ ಚೌಕವೂ ಒಂದು ಬರಹವೇ. ನಮ್ಮ ಕಣ್ಣಿಗೆ ಓದೋಕೆ ಬರೋದಿಲ್ಲ. ಫೋನ್ ಓದ್ತದೆ. ಆಮೇಲೆ ಪರದೆಯ ಮೇಲೆ 'ಒತ್ತಿ' ಅಂತ ಬರ್ತದೆ. ನಾವು ಹೆಬ್ಬೆರಳಲ್ಲೇ ಒತ್ತುತ್ತೇವೆ! ಏನು ಬರೆದಿದೆ ಅಂತ ನೋಡದೆ ಒತ್ತಿದರೆ ಅದು ಹಳೇ ಹೆಬ್ಬೆಟ್ಟೇ ತಾನೇ?

ಹಾಗಾಗಿ ಈ ಬರಹ ಹೇಗೆ ಬರೀತಾರೆ ಅಂತ ಮೊದಲು ತಿಳಿಯೋಣ.

ಚುಕ್ಕಿ ರಂಗೋಲಿ ನಿಮಗೆ ಗೊತ್ತು. ಮೊದಲು ಸಾಲಾಗಿ ಚುಕ್ಕಿ ಇಡ್ತೀರಿ. 21 ಚುಕ್ಕಿ 21 ಸಾಲು ಅಂತ ಲೆಕ್ಕ ಇರ್ತದೆ. ಕ್ಯೂಆರ್ ಕೋಡಿಗೂ ಇಂಥದ್ದೇ ಲೆಕ್ಕ. ಚೌಕಾಬಾರದ ಮನೆ ಬರೆದ ಹಾಗೆ ಮನೆಗಳನ್ನು ಬರೀತಾರೆ. ಎಲ್ಲಕ್ಕಿಂತ ಚಿಕ್ಕ ಕೋಡಿನಲ್ಲಿ 21 ಸಾಲು, ಸಾಲಿಗೆ 21 ಮನೆ. ಒಟ್ಟು 441 ಮನೆ. ಎಲ್ಲಕ್ಕಿಂತ ದೊಡ್ಡದರಲ್ಲಿ 177 ಸಾಲು, ಸಾಲಿಗೆ 177 ಮನೆ. ಒಟ್ಟು 31,329 ಮನೆ. ಪ್ರತಿ ಮನೆಯೂ ಒಂದೋ ಕಪ್ಪು, ಇಲ್ಲವೇ ಬಿಳಿ. ಕಪ್ಪು ಅಂದರೆ ಒಂದು. ಬಿಳಿ ಅಂದರೆ ಸೊನ್ನೆ.

ಬರೀ ಎರಡು ಬಣ್ಣದಲ್ಲಿ ಅಷ್ಟೆಲ್ಲ ಬರೆಯೋದು ಹೇಗೆ?

ಜಗಲಿ ಮೇಲೆ ಎರಡು ದೀಪ ಇವೆ ಅಂತ ಇಟ್ಟುಕೊಳ್ಳಿ. ಎದುರು ಗುಡ್ಡದ ಲೈನ್ ಮನೆಯಲ್ಲಿರುವ ನಿಮ್ಮ ತಂಗಿಗೆ ಸುದ್ದಿ ಮುಟ್ಟಿಸಬೇಕು. ಎರಡೂ ಆರಿದ್ದರೆ ಒಂದು ಸುದ್ದಿ. ಬಲಗಡೆಯದು ಮಾತ್ರ ಉರಿದರೆ ಇನ್ನೊಂದು. ಎಡಗಡೆಯದು ಮಾತ್ರ ಉರಿದರೆ ಮತ್ತೊಂದು. ಎರಡೂ ಉರಿದರೆ ನಾಲ್ಕನೆಯದು. ಎರಡು ದೀಪದಲ್ಲಿ ನಾಲ್ಕು ಸುದ್ದಿ ಆಯ್ತಲ್ಲ? ಮೂರು ದೀಪ ಇಟ್ಟರೆ ಎಂಟು ಸುದ್ದಿ. ಎಂಟು ದೀಪ ಇಟ್ಟರೆ 256 ಸುದ್ದಿ! ಯಾವ ದೀಪದ ಸಾಲಿಗೆ ಯಾವ ಅಕ್ಷರ ಅಂತ ಮೊದಲೇ ಮಾತಾಡಿಕೊಂಡಿದ್ದರೆ ಸಾಕು.

ಇಂಗ್ಲಿಷಿನ ಒಂದು ಅಕ್ಷರಕ್ಕೆ ಇಂಥ ಎಂಟು ಮನೆ ಬೇಕು. ನಮ್ಮ ಕನ್ನಡದ ಅಕ್ಷರಕ್ಕೆ 24 ಮನೆ ಬೇಕು. 'ಕಳಸ' ಅಂತ ಬರೀಬೇಕಾದರೆ ಮೂರು ಅಕ್ಷರಕ್ಕೆ 72 ಮನೆ. 'ಕಾಫಿ' ಅಂತ ಬರೆಯೋಕೆ? ಎರಡಕ್ಷರ, 48 ಮನೆ ಅಂತೀರಿ. ಅಲ್ಲ, 96 ಮನೆ ಬೇಕು. ಯಾಕೆಂದರೆ ಫೋನು ನಾವು ಕಾಗುಣಿತ ಹೇಳಿದ ಹಾಗೆಯೇ ಹೇಳ್ತದೆ. ಕ ಒಂದು, ಅದರ ಇಳಿ ಒಂದು, ಫ ಒಂದು, ಅದರ ಗುಡಿಸು ಒಂದು. ಒಟ್ಟು ನಾಲ್ಕು. ಬರೀ ಅಂಕಿ ಆದರೆ ಜಾಗ ಕಡಿಮೆ ಸಾಕು. ಹತ್ತಂಕಿಯ ಫೋನ್ ನಂಬರು 34 ಮನೆಯಲ್ಲಿ ಕೂರ್ತದೆ.

ಕಪ್ಪೆಲ್ಲ ಒಂದೇ ಕಡೆ ಗುಂಪಾದರೆ ಓದೋಕೆ ಕಷ್ಟ. ಅದಕ್ಕೆ ಒಂದು ಲೆಕ್ಕದ ಪ್ರಕಾರ ಕೆಲವು ಮನೆಗಳ ಬಣ್ಣವನ್ನು ಅದಲು ಬದಲು ಮಾಡ್ತಾರೆ. ಆ ಲೆಕ್ಕ ಯಾವುದು ಅಂತ ಕೋಡಿನ ಒಳಗೇ ಬರೆದಿರ್ತದೆ. ಫೋನ್ ಅದನ್ನು ನೋಡಿ ಸರಿಮಾಡಿಕೊಳ್ತದೆ. ಇದೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಆಗ್ತದೆ.

ಈಗ ಮೂರು ಮೂಲೆ ನೋಡಿ. ದೊಡ್ಡ ದೊಡ್ಡ ಚೌಕ ಇದೆ. ಚೌಕದೊಳಗೆ ಇನ್ನೊಂದು ಚೌಕ. ನಾಲ್ಕನೇ ಮೂಲೆಯಲ್ಲಿ ಅಂಥದ್ದು ಇಲ್ಲ. ಮೂರು ಇದ್ದು ಒಂದು ಇಲ್ಲದ್ದರಿಂದ ಮೇಲ್ಗಡೆ ಯಾವುದು, ಕೆಳಗಡೆ ಯಾವುದು ಅಂತ ಫೋನಿಗೆ ತಿಳೀತದೆ. ಪೊಟ್ಟಣ ತಲೆಕೆಳಗಾಗಿ ಹಿಡಿದರೂ ಓದ್ತದೆ. ಇನ್ನು ಸುತ್ತಲೂ ನಾಲ್ಕು ಮನೆ ಅಗಲದ ಬಿಳಿ ಅಂಚು ಬಿಡಬೇಕು. ಲೇಬಲ್ ಮಾಡಿಸುವಾಗ ಚಂದಕ್ಕೆ ಅಂತ ಕಾಫಿ ಎಲೆ, ಹೂವಿನ ಚಿತ್ರವನ್ನು ಆ ಅಂಚಿನ ಮೇಲೆ ಹರಿಸ್ತಾರೆ. ಹಾಗೆ ಮಾಡಬೇಡಿ ಅಂತ ಪ್ರೆಸ್ಸಿನವರಿಗೆ ಹೇಳಿ. ಎಲ್ಲಿಂದ ಶುರು ಅಂತ ಫೋನಿಗೆ ಗೊತ್ತಾಗೋದಿಲ್ಲ.

ಇದನ್ನು ಮಾಡಿದವರು ಜಪಾನಿನವರು. 1994ರಲ್ಲಿ ಡೆನ್ಸೋ ಎಂಬ ಕಂಪನಿಯಲ್ಲಿ ಮಸಾಹಿರೋ ಹಾರಾ ಎಂಬ ಇಂಜಿನಿಯರ್ ಮತ್ತು ಜೊತೆಗಾರರು ಇದನ್ನು ರೂಪಿಸಿದರು. ಅದು ಮೋಟಾರಿನ ಬಿಡಿಭಾಗ ಮಾಡುವ ಕಂಪನಿ. ಅದಕ್ಕೂ ಮೊದಲು ಉದ್ದ ಗೆರೆಗಳ ಬಾರ್ ಕೋಡ್ ಇತ್ತು. ಈಗಲೂ ಸೋಪಿನ ಮೇಲೆ, ಬಿಸ್ಕತ್ತಿನ ಮೇಲೆ ಇದೆ. ಅದರಲ್ಲಿ ಹಿಡಿಯೋದು ಒಂದು ಸಾಲು ಅಂಕಿ ಮಾತ್ರ. ಕಾರ್ಖಾನೆಯಲ್ಲಿ ಒಂದೇ ಪೆಟ್ಟಿಗೆಯ ಮೇಲೆ ಹಲವು ಗೆರೆ ಕೋಡು ಅಂಟಿಸಬೇಕಾಗ್ತಿತ್ತು. ಕೆಲಸದವರು ಒಂದೊಂದನ್ನೇ ಓದಿಸಿ ಓದಿಸಿ ಸುಸ್ತಾಗ್ತಿದ್ದರು. ಗೆರೆ ಅಡ್ಡಕ್ಕೆ ಮಾತ್ರ ಓದ್ತದೆ. ಚೌಕ ಆದರೆ ಅಡ್ಡಕ್ಕೂ ಉದ್ದಕ್ಕೂ ತುಂಬಿಸಬಹುದಲ್ಲ? ಅವರ ನಾಡಿನಲ್ಲಿ 'ಗೋ' ಅಂತ ಒಂದು ಆಟ ಇದೆ. ಮಣೆಯ ಮೇಲೆ ಕಪ್ಪು ಬಿಳಿ ಕಾಯಿ ಇಟ್ಟು ಆಡ್ತಾರೆ. ಆ ಮಣೆ ನೋಡಿ ಹಾರಾ ಅವರಿಗೆ ಈ ಯೋಚನೆ ಹೊಳೆಯಿತಂತೆ. ಕೆಲಸದವರ ಕೈನೋವು ನೋಡಿ ಹುಟ್ಟಿದ್ದು ಇದು. ನಮಗೆ ಇದು ಬಹಳ ಹಿಡಿಸಿದ ಸಂಗತಿ.

ಕಂಪನಿಯವರು ಇನ್ನೊಂದು ಒಳ್ಳೇ ಕೆಲಸ ಮಾಡಿದರು. ಪೇಟೆಂಟ್ ಹಕ್ಕು ತಮ್ಮದಿದ್ದರೂ ಯಾರು ಬೇಕಾದರೂ ಬಳಸಲಿ ಅಂತ ಬಿಟ್ಟರು. ಅದಕ್ಕೇ ಕೋಡ್ ಮಾಡೋಕೆ ಯಾರಿಗೂ ರಾಯಲ್ಟಿ ಕೊಡಬೇಕಾಗಿಲ್ಲ. ಇದನ್ನು ನೆನಪಿಡಿ, ಮುಂದೆ ಬೇಕಾಗ್ತದೆ.

ಗೆರೆ ಕೋಡಿನ ಮಾತು ಬಂತಲ್ಲ, ಒಂದು ಚಿಕ್ಕ ವಿಷಯ ಹೇಳಿ ಮುಂದೆ ಹೋಗ್ತೇವೆ. '890 ಅಂತ ಶುರುವಾದರೆ ಅದು ನಮ್ಮ ದೇಶದಲ್ಲಿ ಮಾಡಿದ ಮಾಲು' ಅಂತ ಬಹಳ ಜನ ಹೇಳ್ತಾರೆ. ಅದು ಪೂರ್ತಿ ಸರಿಯಲ್ಲ. ಆ ನಂಬರನ್ನು ಭಾರತದ ಸಂಸ್ಥೆ ಕೊಟ್ಟಿದೆ ಅಂತ ಮಾತ್ರ ಅರ್ಥ. ಮಾಲು ಎಲ್ಲಿ ತಯಾರಾಯ್ತು ಅಂತ ತಿಳಿಯಬೇಕಾದರೆ ಪೊಟ್ಟಣದ ಮೇಲಿನ ಅಕ್ಷರವನ್ನೇ ಓದಬೇಕು.

ಈಗ ಪೊಟ್ಟಣಕ್ಕೆ ಎಣ್ಣೆ ತಾಗಿತು, ಮೂಲೆ ಹರಿಯಿತು ಅಂತ ಇಟ್ಟುಕೊಳ್ಳಿ. ಆಗಲೂ ಹಲವು ಸಲ ಕೋಡ್ ಓದ್ತದೆ. ಅದು ಹೇಗೆ?

ಕೊಯ್ಲಿನ ಲೆಕ್ಕದ ಪುಸ್ತಕ ನೆನೆಸಿಕೊಳ್ಳಿ. ಒಬ್ಬಾಕೆ ಸೋಮವಾರ 42 ಕೆ.ಜಿ. ಹಣ್ಣು ಕೊಯ್ದಳು. ಮಂಗಳವಾರ 38. ಬುಧವಾರದ್ದು ಮಳೆನೀರು ಬಿದ್ದು ಅಳಿಸಿ ಹೋಗಿದೆ. ಗುರುವಾರ 45, ಶುಕ್ರವಾರ 40, ಶನಿವಾರ 35. ಕೆಳಗೆ ಒಟ್ಟು 241 ಅಂತ ಇದೆ. ಬುಧವಾರ ಎಷ್ಟು? ಮಾಡಿ ನೋಡಿ. ಕಾಣುವ ಐದು ದಿನದ್ದು ಕೂಡಿದರೆ 200. ಉಳಿದದ್ದು 41. ಅಳಿಸಿದ್ದು ಸಿಕ್ಕಿತು! ಒಟ್ಟು ಬರೆದಿಟ್ಟದ್ದರಿಂದ ಸಿಕ್ಕಿತು. ರೈಟರು ಬಂದು '31 ಇತ್ತಮ್ಮ' ಅಂದರೆ ನಂಬಬೇಕಾಗಿಲ್ಲ.

ಕ್ಯೂಆರ್ ಕೋಡಿನಲ್ಲೂ ಹೀಗೆ. ಹೇಳಬೇಕಾದ ಮಾತಿನ ಜೊತೆಗೆ ಕೂಡಿಸಿದ ಲೆಕ್ಕವನ್ನೂ ತುಂಬಿರ್ತಾರೆ. ಇನ್ನೂ ದೊಡ್ಡ ಲೆಕ್ಕ, ಆದರೆ ಉಪಾಯ ಇದೇ. ನಾಲ್ಕು ಮಟ್ಟ ಇವೆ. ಕಡಿಮೆ ಮಟ್ಟದಲ್ಲಿ ನೂರಕ್ಕೆ 7 ಪಾಲು ಹಾಳಾದರೂ ಓದಬಹುದು. ಎಲ್ಲಕ್ಕಿಂತ ಮೇಲಿನ ಮಟ್ಟದಲ್ಲಿ ನೂರಕ್ಕೆ 30 ಪಾಲು. ಆದರೆ ಮೂಲೆಯ ದೊಡ್ಡ ಚೌಕ ಹಾಳಾದರೆ ಈ ಲೆಕ್ಕ ಉಪಯೋಗಕ್ಕೆ ಬರೋದಿಲ್ಲ. ಮಲೆನಾಡಿನ ಮಳೆಗಾಲಕ್ಕೆ ಮೇಲಿನ ಮಟ್ಟವೇ ಸರಿ. ಲೇಬಲ್ ಮಾಡಿಸುವಾಗ ಕೇಳಿ ಹಾಕಿಸಿ.

ಕೋಡಿನೊಳಗೆ ಏನು ಬರೆದಿರ್ತಾರೆ? ಇದೇ ಮುಖ್ಯ. ಎರಡು ಬಗೆ ಇದೆ.

ಒಂದು, ಹೇಳಬೇಕಾದ್ದನ್ನು ಕೋಡಿನಲ್ಲೇ ಬರೆದಿಡೋದು. ಸಂಘದ ಹೆಸರು, ಊರು, ಫೋನ್ ನಂಬರು, ಹುರಿದ ದಿನ. ಇದನ್ನು ಓದೋಕೆ ನೆಟ್‌ವರ್ಕ್ ಬೇಡ. ಕಳಸದ ಒಳಗಿನ ಹಳ್ಳಿಗಳಲ್ಲಿ ಟವರ್ ಸಿಗೋದು ನಿಮಗೇ ಗೊತ್ತು. ಗುಡ್ಡ ಹತ್ತಬೇಕು. ಅಲ್ಲೂ ಈ ಬಗೆಯ ಕೋಡ್ ಓದ್ತದೆ.

ಎರಡನೆಯದು, ಕೋಡಿನಲ್ಲಿ ಬರೀ ಒಂದು ವಿಳಾಸ ಬರೆಯೋದು. ಫೋನ್ ಆ ವಿಳಾಸಕ್ಕೆ ಹೋಗಿ ಅಲ್ಲಿರುವ ಚಿತ್ರ, ಮಾತು, ವಿಡಿಯೋ ತರ್ತದೆ. ಇದಕ್ಕೆ ನೆಟ್‌ವರ್ಕ್ ಬೇಕು. ಕಂಪನಿಗಳಿಗೆ ಇದೇ ಇಷ್ಟ. ಯಾಕೆ ಗೊತ್ತೇ? ಗೋಡೆ ಮೇಲೆ ಜಾಹೀರಾತು ಬರೆಸಿದರೆ ಯಾರು ಓದಿದರು ಅಂತ ತಿಳಿಯೋದಿಲ್ಲ. ಇದರಲ್ಲಿ ಲೆಕ್ಕ ಸಿಗ್ತದೆ. ಎಷ್ಟು ಜನ ನೋಡಿದರು, ಯಾವ ಹೊತ್ತಿಗೆ ನೋಡಿದರು, ಸುಮಾರಾಗಿ ಯಾವ ಊರಿನಿಂದ ನೋಡಿದರು, ಎಲ್ಲ ಬರ್ತದೆ. 'ಬಹುಮಾನ ಇದೆ, ನಿಮ್ಮ ಹೆಸರು, ಫೋನ್ ನಂಬರು ತುಂಬಿ' ಅಂತಲೂ ಕೇಳ್ತಾರೆ. ತುಂಬಿದರೆ ನಾಳೆಯಿಂದ ಕರೆ ಮೇಲೆ ಕರೆ. ನಾವು ಪೊಟ್ಟಣ ಓದ್ತಿದ್ದೇವೆ ಅಂತ ತಿಳಿದಿರ್ತೇವೆ. ಪೊಟ್ಟಣವೂ ನಮ್ಮನ್ನು ಓದ್ತಿರ್ತದೆ!

ಇದರಲ್ಲಿ ಇನ್ನೊಂದು ತೊಡಕು. ಕೆಲವರು ವರ್ಷಕ್ಕಿಷ್ಟು ಅಂತ ಬಾಡಿಗೆ ಕಟ್ಟಿಸಿಕೊಂಡು ಕೋಡ್ ಮಾಡಿ ಕೊಡ್ತಾರೆ. ಕೋಡಿನಲ್ಲಿ ಅವರ ವಿಳಾಸ ಇರ್ತದೆ. ಮೊದಲು ಅವರಲ್ಲಿಗೆ ಹೋಗಿ, ಅಲ್ಲಿಂದ ನಮ್ಮಲ್ಲಿಗೆ ಬರಬೇಕು. ಬಾಡಿಗೆ ನಿಂತರೆ ದಾರಿ ಮುಚ್ಚುತ್ತದೆ. ಸಾವಿರ ಲೇಬಲ್ ಅಚ್ಚು ಹಾಕಿಸಿ ಇಟ್ಟಿದ್ದರೆ ಅಷ್ಟೂ ದಂಡ. ಆಗಲೇ ಹೇಳಿದೆವಲ್ಲ, ಕೋಡಿಗೆ ರಾಯಲ್ಟಿ ಇಲ್ಲ ಅಂತ. ಬರೀ ಹೆಸರು, ನಂಬರಿನ ಕೋಡಿಗೆ ವರ್ಷ ವರ್ಷ ದುಡ್ಡು ಕೊಡಬೇಕಾಗಿಲ್ಲ.

ಕಾಫಿ ಮಾರಾಟಕ್ಕೆ ಇದರಿಂದ ಏನು ಲಾಭ?

ನಮ್ಮ ದೇಶದ ಕಾಫಿಯಲ್ಲಿ ನೂರಕ್ಕೆ ಸುಮಾರು 70 ಪಾಲು ಬೆಳೆಯೋದು ಕರ್ನಾಟಕದಲ್ಲಿ. ಬಾಬಾಬುಡನ್ ಗಿರಿಯಿಂದ ಶುರುವಾದ ಬೆಳೆ ಇದು. ಆದರೆ ಹಣ್ಣು ಕಣದಲ್ಲಿ ಒಣಗಿ, ಮೂಟೆ ಕಟ್ಟಿ, ವ್ಯಾಪಾರಿಯ ಲಾರಿ ಹತ್ತಿದ ಮೇಲೆ ಎಲ್ಲ ಕಾಫಿಯೂ ಒಂದೇ. ಕ್ಯೂರಿಂಗ್ ವರ್ಕ್ಸಿನಲ್ಲಿ ಹತ್ತು ತೋಟದ್ದು ಸೇರಿ ಹೋಗ್ತದೆ. ಬೆಂಗಳೂರಲ್ಲಿ ಕುಡಿಯುವವರಿಗೆ ಅದು ಯಾವ ಗುಡ್ಡದ್ದು ಅಂತ ತಿಳಿಯೋದಿಲ್ಲ. ಗುಡ್ಡದ ಹೆಸರಿಗೆ ಬೆಲೆ ಇದೆ ಅಂತ ಈಗ ಎಲ್ಲರಿಗೂ ಗೊತ್ತಾಗಿದೆ. 2019ರಲ್ಲಿ 'ಚಿಕ್ಕಮಗಳೂರು ಅರೇಬಿಕಾ' ಮತ್ತು 'ಬಾಬಾಬುಡನ್‌ಗಿರೀಸ್ ಅರೇಬಿಕಾ' ಎಂಬ ಹೆಸರುಗಳಿಗೆ ಜಿ.ಐ. ಗುರುತು ಸಿಕ್ಕಿತು. ಆ ಊರಿನ ಮಾಲಿಗೆ ಮಾತ್ರ ಆ ಹೆಸರು ಅಂತ ಸರ್ಕಾರ ಕೊಡುವ ಗುರುತು ಅದು. ಬಳಸಬೇಕಾದರೆ ನೋಂದಣಿ ಮಾಡಿಸಬೇಕು. ಅದೇ ವರ್ಷ ಮಾರ್ಚಿನಲ್ಲಿ ಕಾಫಿ ಮಂಡಳಿ ಇನ್ನೊಂದು ಪ್ರಯೋಗ ಶುರು ಮಾಡಿತು. ಬೆಳೆಗಾರರಿಂದ ಕೊಳ್ಳುವವರವರೆಗೆ ಮಾಲು ಎಲ್ಲೆಲ್ಲಿ ಕೈ ಬದಲಾಯಿತು ಅಂತ ಕಂಪ್ಯೂಟರಿನಲ್ಲಿ ಬರೆದಿಡುವ ಪ್ರಯೋಗ. ಒಬ್ಬರ ಹತ್ತಿರ ಇರುವ ಲೆಕ್ಕದ ಪುಸ್ತಕ ತಿದ್ದಬಹುದು. ಹಲವರ ಹತ್ತಿರ ಒಂದೇ ಲೆಕ್ಕದ ಪ್ರತಿ ಇದ್ದರೆ ಕದ್ದು ತಿದ್ದೋದು ಕಷ್ಟ. ಆ ಪ್ರಯೋಗದ ಹಿಂದಿನ ಯೋಚನೆ ಇದು.

ಪೊಟ್ಟಣದ ಮೇಲಿನ ಚೌಕ ಇಂಥ ಲೆಕ್ಕಕ್ಕೆ ಬಾಗಿಲು ಆಗಬಹುದು. ಯಾವ ತೋಟ, ಅರೇಬಿಕಾನೋ ರೋಬಸ್ಟಾನೋ, ಯಾವ ತಿಂಗಳು ಕೊಯ್ದದ್ದು, ಯಾವತ್ತು ಹುರಿದದ್ದು. ಕೊಳ್ಳುವವರು ಇದಕ್ಕೆ ಎರಡು ಕಾಸು ಹೆಚ್ಚು ಕೊಡ್ತಾರೆ.

ಆದರೆ ಚೌಕ ಇದೆ ಅಂದಾಕ್ಷಣ ಒಳಗಿನದ್ದು ನಿಜ ಆಗೋದಿಲ್ಲ. ಕೋಡಿಗೆ ಸತ್ಯ ಸುಳ್ಳು ಗೊತ್ತಿಲ್ಲ. ಬರೆದದ್ದನ್ನು ಹೇಳ್ತದೆ ಅಷ್ಟೇ. ಉದಾಹರಣೆಗೆ ಚಿಕೋರಿ. ಕಾಫಿ ಪುಡಿಗೆ ಚಿಕೋರಿ ಬೆರೆಸಿದರೆ ಕಾಫಿ ಎಷ್ಟು ಪಾಲು, ಚಿಕೋರಿ ಎಷ್ಟು ಪಾಲು ಅಂತ ಪೊಟ್ಟಣದ ಮೇಲೆ ಅಚ್ಚು ಹಾಕಬೇಕು. ಇದು ಕಾನೂನು. ಕಾಫಿ ನೂರಕ್ಕೆ 51 ಪಾಲಿಗಿಂತ ಕಡಿಮೆ ಇರಬಾರದು. ಇದನ್ನು ಚೌಕದೊಳಗೆ ಅಡಗಿಸಿಟ್ಟರೆ ಸಾಲದು. ಕಣ್ಣಿಗೆ ಕಾಣುವ ಅಕ್ಷರದಲ್ಲೇ ಇರಬೇಕು. ನೀವು ಮಾರುವಾಗಲೂ ಹಾಗೇ ಬರೆಯಿರಿ, ಕೊಳ್ಳುವಾಗಲೂ ಅದನ್ನೇ ಹುಡುಕಿ.

ಇನ್ನು ಕೆಲವು ಪೊಟ್ಟಣದ ಚೌಕ ಒತ್ತಿದರೆ ಹಣ್ಣಿನ ಬುಟ್ಟಿ ಹಿಡಿದು ನಗುವ ಹೆಂಗಸಿನ ಚಿತ್ರ ಬರ್ತದೆ. ಚಂದ ಇದೆ. ಕೊಯ್ಲಿನ ಸಾಲಿನಲ್ಲಿ ಹೆಚ್ಚಿನವರು ನಾವೇ ತಾನೇ? ಅವಳ ಹೆಸರು ಮಾತ್ರ ಎಲ್ಲೂ ಇರೋದಿಲ್ಲ. ತೋಟದ ಹೆಸರು ಇರ್ತದೆ, ಮಾಲೀಕರ ಅಜ್ಜನ ಹೆಸರೂ ಇರ್ತದೆ. ನಿಮ್ಮ ಸಂಘದ ಪೊಟ್ಟಣದಲ್ಲಾದರೂ ಮಾಡಿದವರ ಹೆಸರು ಹಾಕಿ. ಜಾಗ ಬೇಕಾದಷ್ಟಿದೆ.

ಈಗ ದುಡ್ಡಿನ ಚೌಕಕ್ಕೆ ಬರೋಣ. 2016ರಲ್ಲಿ ಯುಪಿಐ ಬಂತು. ಬ್ಯಾಂಕಿನಿಂದ ಬ್ಯಾಂಕಿಗೆ ಫೋನಿನಲ್ಲೇ ದುಡ್ಡು ಕಳಿಸುವ ಏರ್ಪಾಡು. ಅಂಗಡಿಯ ಚೌಕದಲ್ಲಿ ಬರೆದಿರೋದು ದುಡ್ಡು ಯಾವ ಖಾತೆಗೆ ಹೋಗಬೇಕು ಅಂತ. ಅಂದರೆ ಚೌಕ ಯಾರ ಖಾತೆಯದೋ ದುಡ್ಡು ಅವರದು. ಅಂಗಡಿ ಯಾರದು, ಮಾಲು ಯಾರದು ಅಂತ ಚೌಕ ಕೇಳೋದಿಲ್ಲ.

ಒಂದು ಸಂಘದ ಮಾತು ಹೇಳ್ತೇವೆ. ಹತ್ತು ಜನ ಹೆಂಗಸರು ಸೇರಿ ಕಾಫಿ ಪುಡಿ ಮಾರ್ತಿದ್ದರು. ದೊಡ್ಡ ಫೋನ್ ಇದ್ದದ್ದು ಒಬ್ಬಾಕೆಯ ಮಗನ ಹತ್ತಿರ. ಅವನ ಚೌಕವನ್ನೇ ಮೇಜಿಗೆ ಅಂಟಿಸಿದರು. ವ್ಯಾಪಾರ ಚೆನ್ನಾಗಿ ಆಯ್ತು. ದುಡ್ಡೆಲ್ಲ ಹುಡುಗನ ಖಾತೆಗೆ ಬಿತ್ತು. ಹುಡುಗ ಕಳ್ಳ ಅಲ್ಲ. ಆದರೆ ಅವನ ಬೈಕಿನ ಸಾಲದ ಕಂತು ಅದೇ ಖಾತೆಯಿಂದ ತಾನಾಗಿ ಹೋಗ್ತಿತ್ತು. ಸಂಘದ ದುಡ್ಡಿನಲ್ಲಿ ಎರಡು ಕಂತು ಹೋಯ್ತು. ಬ್ಯಾಂಕಿಗೆ ಅದು ಯಾರ ದುಡ್ಡು ಅಂತ ಏನು ಗೊತ್ತು? 'ಒಡಹುಟ್ಟಿದವರ ಹಾಗೆ ಇದ್ದೆವು, ಮಾತು ಬಿಡುವ ಹಾಗಾಯ್ತು' ಅಂತ ಅವರಲ್ಲಿ ಒಬ್ಬಾಕೆ ಹೇಳಿದಳು.

ಅದಕ್ಕೆ ಸಂಘದ ಖಾತೆಯ ಪಾಸ್‌ಪುಸ್ತಕ ಹಿಡಿದು ಬ್ಯಾಂಕಿಗೆ ಹೋಗಿ. 'ಸಂಘದ ಖಾತೆಗೇ ದುಡ್ಡು ಬರುವ ಕ್ಯೂಆರ್ ಕೋಡ್ ಕೊಡಿ' ಅಂತ ಕೇಳಿ. ಒಬ್ಬರೇ ಹೋಗಬೇಡಿ, ಪದಾಧಿಕಾರಿಗಳು ಸೇರಿ ಹೋಗಿ. ದುಡ್ಡು ತೆಗೆಯೋಕೆ ಎಂದಿನ ಹಾಗೆ ಸಹಿ ಬೇಕು ಅಂತಲೇ ಇರಲಿ. ಕೋಡ್ ಬಂದ ಮೇಲೆ ಹತ್ತು ರೂಪಾಯಿ ಕಳಿಸಿ ನೋಡಿ. ಕಳಿಸುವವರ ಪರದೆಯ ಮೇಲೆ ಯಾರ ಹೆಸರು ಬರ್ತದೆ ಅಂತ ಓದಿ. ಹೆಸರು ಹೆಚ್ಚಾಗಿ ಇಂಗ್ಲಿಷಿನಲ್ಲಿ ಬರ್ತದೆ. ನಿಮ್ಮ ಸಂಘದ ಹೆಸರು ಇಂಗ್ಲಿಷಿನಲ್ಲಿ ಹೇಗೆ ಕಾಣ್ತದೆ ಅಂತ ಪಾಸ್‌ಪುಸ್ತಕ ನೋಡಿ ಬರೆದು ಕಲಿತುಕೊಳ್ಳಿ. ಇಲ್ಲೇ ಕಲಿಸ್ತೇವೆ.

ಮನೆಯಲ್ಲೂ ಹೀಗೆಯೇ. ನೀವು ಹೊಲಿದ ಬಟ್ಟೆಯ ದುಡ್ಡು, ಕೋಳಿ ಮಾರಿದ ದುಡ್ಡು ಯಾರ ಚೌಕಕ್ಕೆ ಹೋಗ್ತಿದೆ? ಯಜಮಾನರದಕ್ಕೆ ಹೋದರೆ ತಪ್ಪು ಅಂತ ನಾವು ಹೇಳೋದಿಲ್ಲ. ಅದು ನಿಮ್ಮ ನಿಮ್ಮ ಮನೆಯ ಮಾತು. ಎಲ್ಲಿಗೆ ಹೋಗ್ತಿದೆ ಅಂತ ನಿಮಗೆ ಗೊತ್ತಿರಲಿ.

ಮೋಸದ ಬಗ್ಗೆ ಎರಡು ಮಾತು. ಚೌಕ ಸ್ಕ್ಯಾನ್ ಮಾಡಿ ಪಿನ್ ಒತ್ತೋದು ದುಡ್ಡು ಕೊಡೋಕೆ. ಬರುವ ದುಡ್ಡಿಗೆ ಪಿನ್ ಬೇಡ. 'ನಿಮಗೆ ಐದು ಸಾವಿರ ಬರ್ತದೆ, ಈ ಚೌಕ ಸ್ಕ್ಯಾನ್ ಮಾಡಿ ಪಿನ್ ಹಾಕಿ' ಅಂತ ಯಾರಾದರೂ ಅಂದರೆ ಅದು ಮೋಸ. ಕೆಲವು ಕಡೆ ಅಂಗಡಿಯ ಚೌಕದ ಮೇಲೆ ಬೇರೆಯವರು ತಮ್ಮ ಚೌಕ ಅಂಟಿಸಿ ಹೋಗ್ತಾರೆ. ದಿನಾ ಬೆಳಿಗ್ಗೆ ಮೇಜು ಒರೆಸುವಾಗ ಒಂದು ಸಲ ಉಗುರಲ್ಲಿ ಕೆರೆದು ನೋಡಿ. ಕೊಳ್ಳುವವರು 'ಕಳಿಸಿದೆ' ಅಂತ ಫೋನ್ ತೋರಿಸಿದರೆ ಸಾಲದು. ನಿಮ್ಮ ಕಡೆ ಬಂದದ್ದು ಕಾಣಬೇಕು, ಇಲ್ಲವೇ ಡಬ್ಬಿ ಕೂಗಿ ಹೇಳಬೇಕು. ಹೇಗೋ ಮೋಸ ಆಯ್ತು ಅಂದರೆ ನಾಚಿಕೆಪಟ್ಟು ಸುಮ್ಮನೆ ಕೂರಬೇಡಿ. ತಕ್ಷಣ 1930ಕ್ಕೆ ಫೋನ್ ಮಾಡಿ. ಬೇಗ ಹೇಳಿದಷ್ಟೂ ದುಡ್ಡು ತಡೆಹಿಡಿಯೋಕೆ ದಾರಿ ಹೆಚ್ಚು.

ಔಷಧಿಯ ಮೇಲಿನ ಚೌಕದ ಬಗ್ಗೆಯೂ ಹೇಳಿಬಿಡ್ತೇವೆ. 2023ರ ಆಗಸ್ಟ್ 1ರಿಂದ 300 ಬ್ರಾಂಡಿನ ಔಷಧಿಗಳ ಮೇಲೆ ಇಂಥ ಕೋಡ್ ಇರಬೇಕು ಅಂತ ಸರ್ಕಾರ ಮಾಡಿದೆ. ಒತ್ತಿದರೆ ಮದ್ದಿನ ಹೆಸರು, ಮಾಡಿದವರ ಹೆಸರು, ಯಾವ ದಿನದ ತನಕ ಬಳಸಬಹುದು ಅಂತ ಬರ್ತದೆ. ಅಲ್ಲಿ ಬಂದದ್ದೂ ಡಬ್ಬಿ ಮೇಲೆ ಅಚ್ಚಾದದ್ದೂ ಒಂದೇ ಇದೆಯಾ ನೋಡಿ. ಬೇರೆ ಬೇರೆ ಇದ್ದರೆ ಅಂಗಡಿಯವರನ್ನು ಕೇಳಿ.

ಬರುವ ವಾರ ಬರುವಾಗ ಎಲ್ಲರೂ ನಿಮ್ಮ ಮನೆಯಿಂದ ಒಂದೊಂದು ಪೊಟ್ಟಣ ತನ್ನಿ. ಕಾಫಿ ಪುಡಿಯದಾದರೂ ಸರಿ, ಸೋಪಿನದಾದರೂ ಸರಿ, ಖಾಲಿ ಮಾತ್ರೆ ಡಬ್ಬಿಯಾದರೂ ಸರಿ. ಫೋನ್ ಇದ್ದವರು ಚಾರ್ಜ್ ಮಾಡಿಕೊಂಡು ಬನ್ನಿ. ಇಲ್ಲದವರ ಪಕ್ಕ ಇದ್ದವರು ಕೂರಲಿ. ಮೊದಲು ಪೊಟ್ಟಣದ ಮೇಲಿನ ಅಕ್ಷರ ಗಟ್ಟಿಯಾಗಿ ಓದೋಣ, ಆಮೇಲೆ ಚೌಕ ಒತ್ತೋಣ. ಸಂಘದ ಪಾಸ್‌ಪುಸ್ತಕ ಯಾರ ಮನೆಯಲ್ಲಿದೆಯೋ ಅವರು ಅದನ್ನೂ ತನ್ನಿ.